ಗೋಡೆಯಾಚೆ ಉಜ್ಜಪ್ಪ

ಕೇಸು ಅನ್ನುವ ಮಾತು ನಮ್ಮ ಮನೆಗೆ ಬಂದ ಹೊಸದರಲ್ಲಿ ನನಗೆ ಅದಕ್ಕಿದ್ದದ್ದು ಒಂದೇ ಅರ್ಥ: ನಡುಮನೆಯ ಮಣ್ಣಿನ ಗೋಡೆ. ಕ್ಯಾಸನೂರಿನ ಕಾಡಂಚಿನ ಗದ್ದೆಗಾಗಿ ನನ್ನ ಗಂಡ ಕಲ್ಲಪ್ಪ ತಮ್ಮ ಉಜ್ಜಪ್ಪನ ಮೇಲೆ ಕೇಸು ಹಾಕಿದರು. ಅದರ ಬೆನ್ನಿಗೇ ಗೋಡೆ ಎದ್ದಿತು. ಆಚೆ ಮೈದುನ, ಅವನ ಹೆಂಡತಿ ಬಂಗಾರಮ್ಮ. ಈಚೆ ನಾವು.

ಆಮೇಲೆ ಎಲ್ಲಿ ಹೋದರೂ ಅದೇ ಮಾತು. ಮರ ಕಡಿದವನ ಮೇಲೆ ಫಾರೆಸ್ಟಿನವರು ಮಾಡಿದ್ದು ಕೇಸು. ವಕೀಲ ಸದಾಶಿವಪ್ಪನವರ ಬೀರುವಿನಲ್ಲಿದ್ದ ಕಾಗದದ ಕಟ್ಟೂ ಕೇಸು. ಟಿಕೆಟಿಗೆ ತಕರಾರು ತೆಗೆದ ಮುದುಕನನ್ನು ನೋಡಿ ಕಂಡಕ್ಟರು, ‘ಇದೊಂದು ಕೇಸು’ ಅಂದನಂತೆ. ದನದ ಮೈಗೆ ಕಚ್ಚುವ ಉಣುಗಿನ ಹಾಗೆ ಯಾರಿಗೆ ಬೇಕಾದರೂ ಹತ್ತಿಕೊಳ್ಳುವ ಮಾತು ಅದು.

ಇಷ್ಟಾದರೂ ವಾಯಿದೆಯ ದಿನ ಅಣ್ಣತಮ್ಮ ಶಿಕಾರಿಪುರಕ್ಕೆ ಹೋಗುತ್ತಿದ್ದದ್ದು ಒಂದೇ ಬಸ್ಸಿನಲ್ಲಿ. ಒಬ್ಬರು ಮುಂದೆ, ಒಬ್ಬರು ಹಿಂದೆ. ಕೋರ್ಟು ಮುಗಿದ ಮೇಲೆ ಹುಣಸೆಮರದ ಕೆಳಗೆ ಕೂತು ಒಟ್ಟಿಗೆ ಉಣ್ಣುವರು. ಅಕ್ಕಿರೊಟ್ಟಿ ನನ್ನದು, ಚಟ್ನಿ ಬಂಗಾರಮ್ಮನದು. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ನಾನು ಇಬ್ಬರಿಗಾಗುವಷ್ಟು ರೊಟ್ಟಿ ತಟ್ಟುತ್ತಿದ್ದೆ, ಚಟ್ನಿ ಕಟ್ಟುತ್ತಿರಲಿಲ್ಲ, ಅಷ್ಟೆ. ಅಲ್ಲಿ ದನದ ಮಾತು, ಬಿತ್ತನೆಯ ಮಾತು ಎಲ್ಲ ಆಡುವರು. ಊರಿಗೆ ಬಂದರೆ ಮತ್ತೆ ಬಾಯಿಗೆ ಬೀಗ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಐವತ್ತೇಳರ ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೊಪ್ಪು ತರಲು ಹೋದವರಿಗೆ ಜ್ವರ ಬಂತು. ಜೀಪಿನಲ್ಲಿ ಡಾಕ್ಟರುಗಳು ಬಂದರು, ಕೈಯಲ್ಲಿ ಸೂಟ್‌ಕೇಸು. ಒಳಗೆ ಸೂಜಿ, ಸೀಸೆ. ‘ಈ ಕೇರಿಯಲ್ಲಿ ಕೇಸು ಇದೆಯಾ?’ ಎಂದು ಕೇಳುತ್ತಾ ಹೋದರು. ನಾನು ಗದ್ದೆಯದು ಅಂದುಕೊಂಡು ಇದೆ ಅಂದೆ. ಅವರು ಕೇಳಿದ್ದು ಜ್ವರ ಬಂದವರನ್ನು. ಅದೂ ಸುಳ್ಳಾಗಲಿಲ್ಲ, ಉಜ್ಜಪ್ಪ ಆಗಲೇ ಮಲಗಿದ್ದ.

ಗೋಡೆಯಾಚೆ ಅವನು ನರಳುವುದು ನಮಗೆ ಕೇಳಿಸುತ್ತಿತ್ತು. ನನ್ನ ಗಂಡ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದರು.

“ಹೋಗಿ ಒಂದ್ಸಲ ಮಾತಾಡ್ಸ್ಕಂಡು ಬರ್ರಿ” ಅಂದೆ.

“ತೀರ್ಪು ಆಗೋವರ್ಗೂ ಅವನ ಹೊಸ್ತಿಲು ತುಳೀಬೇಡ ಅಂತ ವಕೀಲ್ರು ಹೇಳ್ಯಾರೆ ಮಾರಾಯ್ತಿ. ವಾಯಿದೆ ಹತ್ರ ಬಂತು. ಮರದ ಕೆಳಗೆ ಸಿಕ್ತಾನಲ್ಲ, ಅಲ್ಲೇ ಮಾತಾಡ್ತೀನಿ.”

“ಏಳಕ್ಕೇ ಆಗ್ದೋನು ಶಿಕಾರಿಪುರಕ್ಕೆ ಹೆಂಗ್ ಬರ್ತಾನ್ರೀ?”

“ಬರ್ತಾನೆ. ಒಂದು ವಾಯಿದೀನೂ ತಪ್ಸಿಲ್ಲ ಅವನು.”

ವಾಯಿದೆಯ ದಿನ ಯಾವಾಗಿನಷ್ಟೇ ರೊಟ್ಟಿ ಕಟ್ಟಿಸಿಕೊಂಡು ಹೋದರು. ಅವರು ಬಸ್ಸು ಹತ್ತಿದ ಮೇಲೆ ನಾನು ಗೋಡೆ ಸುತ್ತಿ ಆಚೆ ಮನೆಗೆ ಹೋದೆ. ಕೇಸು ಬಿದ್ದರೆ ಬೀಳಲಿ ಅನ್ನಿಸಿತ್ತು. ಉಜ್ಜಪ್ಪನ ಕಣ್ಣು ಕೆಂಪಗಿದ್ದವು. ಹೊದಿಕೆಯ ಮೇಲೆ ಕೋರ್ಟಿಗೆ ಹಾಕುವ ಬಿಳಿ ಅಂಗಿ ಇತ್ತು. ಒಂದು ತೋಳು ಮಾತ್ರ ತೂರಿಸಿಕೊಂಡಿದ್ದ.

“ಬಸ್ಸು ಹೋತಾ ಅತ್ತಿಗೆ?”

“ಹೋತಪ್ಪ.”

“ಅಣ್ಣ ಕಾಯ್ತಾನೆ. ಬರೀ ರೊಟ್ಟಿ ಅವನಿಗೆ ಗಂಟಲಲ್ಲಿ ಇಳಿಯಾದಿಲ್ಲ.”

ನೀರು ಕುಡಿಸಿದೆ. ಅರ್ಧ ಹೊರಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅವನ ಉಸಿರು ನಿಂತಿತು. ಬಂಗಾರಮ್ಮ ಕೂಗಿ ಅತ್ತಳು. ನನಗೆ ಅಳು ಬರಲಿಲ್ಲ. ಜೀಪಿನವರು ಬಂದು ನೋಡಿ, ಇದೂ ಅದೇ ಕೇಸು ಅಂದರು. ಅವನಿಗೆ ಹೆಸರಿದೆ ಎಂದು ಕಿರುಚಬೇಕು ಅನ್ನಿಸಿತು.

ಸಂಜೆ ಬಸ್ಸಿನ ಹೊತ್ತಿಗೆ ರಸ್ತೆಗೆ ಹೋಗಿ ನಿಂತೆ. ನನ್ನ ಗಂಡ ಇಳಿದರು. ಬುತ್ತಿಯ ಗಂಟು ಕಟ್ಟಿದ ಹಾಗೇ ಕೈಯಲ್ಲಿತ್ತು.

“ಕೇಸು ನಮ್ಮ ಕಡೆ ಆತು” ಅಂದರು. ಮುಖದಲ್ಲಿ ಗೆಲುವೇ ಇರಲಿಲ್ಲ. “ಮೂರು ಸಲ ಹೆಸರು ಕೂಗಿದ್ರು, ಅವನು ಬರ್ಲಿಲ್ಲ. ಆಮೇಲಾದ್ರೂ ಬಂದಾನು ಅಂತ ಮರದ ಕೆಳಗೆ ಕೂತೇ ಇದ್ದೆ. ಯಾಕೆ ಬರ್ಲಿಲ್ಲ ಅವನು?”

ಹೇಳಿದೆ. ಅವರು ನೆಟ್ಟಗೆ ನಡೆದು ಬಂದು, ನಮ್ಮ ಬಾಗಿಲು ದಾಟಿ, ಆಚೆ ಮನೆಯ ಹೊಸ್ತಿಲು ತುಳಿದರು. ತಮ್ಮನ ತಲೆಯ ಹತ್ತಿರ ಕೂತು ಗಂಟು ಬಿಚ್ಚಿದರು. ರೊಟ್ಟಿ ಒಣಗಿ ಸೆಟೆದಿತ್ತು. ಒಂದನ್ನು ಮುರಿದರು. ಮುರಿದ ಎರಡು ಚೂರೂ ಕೈಯಲ್ಲೇ ಉಳಿದವು.

ಬಂಗಾರಮ್ಮ ಎದ್ದು ಒಳಗೆ ಹೋದಳು. ಬಾಳೆಲೆಯ ಸಣ್ಣ ಪೊಟ್ಟಣ ತಂದು ಅವರ ಮುಂದಿಟ್ಟಳು.

“ಬೆಳಿಗ್ಗೆ ರುಬ್ಬಿದ್ದು ಭಾವ. ಹೋಗೇ ಹೋತೀನಿ ಅಂತ ಹಟ ಮಾಡಿ ಕಟ್ಟಿಸ್ಕಂಡಿದ್ರು.”