ನಬಿಸಾಬರ ಇಪ್ಪತ್ತು ಕಿಲೋ ಕಲ್ಲು

ಕಪನೂರಿನ ನನ್ನ ಅಂಗಡಿಗೆ ಬೋರ್ಡಿಲ್ಲ. ಮೂವತ್ತೊಂದು ವರ್ಷ ತಕ್ಕಡಿ ರಿಪೇರಿ ಮಾಡಿದವನಿಗೆ ಬೋರ್ಡು ಯಾತಕ್ಕೆ ಎಂದು ನಾನೇ ಹಾಕಿಸಲಿಲ್ಲ. ಜಂಬ ಎಂದರೆ ಎನ್ನಿ. ಕಲಬುರಗಿಯ ಯಾವ ಬಜಾರಿನಲ್ಲಿ ಕೇಳಿದರೂ ತಕ್ಕಡಿ ನಬಿಸಾಬ್ ಅಂದರೆ ದಾರಿ ತೋರಿಸುತ್ತಿದ್ದರು. ತಕ್ಕಡಿ ಅಂತ ಹೆಸರಿಗೆ ಅಷ್ಟೇ, ಈಗ ಎಲ್ಲವೂ ಕರೆಂಟಿನ ಕಾಟಾ, ಕೆಂಪು ಅಂಕಿ ತೋರಿಸುವಂಥದ್ದು. ವರ್ಷಕ್ಕೊಮ್ಮೆ ಅದನ್ನು ಸರಿ ಮಾಡಿಕೊಡುವುದು ನನ್ನ ಕೆಲಸ. ನಾನು ಸರಿ ಅಂದ ಮೇಲೆ ಇನ್ಸ್‌ಪೆಕ್ಟರ್ ಬಂದು ಮುದ್ರೆ ಹೊಡೆಯುತ್ತಾರೆ.

ಕಾಟಾ ಸರಿ ಮಾಡಲು ಬೇಕಾದದ್ದು ನಂಬಿಕೆಯ ಒಂದು ತೂಕದ ಕಲ್ಲು. ನನ್ನ ಹತ್ತಿರ ಅಪ್ಪನ ಕಾಲದ ಇಪ್ಪತ್ತು ಕಿಲೋ ಕಲ್ಲಿತ್ತು. ಕಲ್ಲು ಅನ್ನುವುದು ರೂಢಿ, ಇರುವುದು ಕಬ್ಬಿಣ. ಅದರ ಅಡಿಯಲ್ಲಿ ಹೆಬ್ಬೆರಳಿಗಿಂತ ಅಗಲವಾದ ಒಂದು ಗುಳಿ ಇರುತ್ತದೆ. ಎರಕ ಹೊಯ್ದಾಗ ಕಡಿಮೆ ಬಿದ್ದ ತೂಕವನ್ನು ಆ ಗುಳಿಗೆ ಸೀಸ ತುಂಬಿ ಸರಿದೂಗಿಸಿರುತ್ತಾರೆ. ಕಾಟಾದ ಮೇಲೆ ಕಲ್ಲಿಡುವ ಮೊದಲು ನಾನು ತೋಳು ಮಡಚಿ ಎರಡೂ ಕೈ ಜನರಿಗೆ ತೋರಿಸುತ್ತೇನೆ. ಇದು ಅಪ್ಪ ಕಲಿಸಿದ ಪದ್ಧತಿ. ಆಮೇಲೆ ಗುಂಪಿನಲ್ಲಿ ಯಾರಾದರೂ ಬಂದು ಕಲ್ಲು ಎತ್ತಿ ನೋಡಬಹುದು ಅನ್ನುತ್ತೇನೆ. ಎತ್ತಿದವರು ಇದ್ದಾರೆ, ಮಗುಚಿ ನೋಡಿದವರು ಒಬ್ಬರೂ ಇಲ್ಲ.

ಆ ಕಲ್ಲನ್ನೂ ಎರಡು ವರ್ಷಕ್ಕೊಮ್ಮೆ ಸರಕಾರದ ಕಲ್ಲಿನ ಜೊತೆ ತೂಗಿ ನೋಡಬೇಕೆಂಬ ನಿಯಮವಿದೆ. ಸುನೀಲಕುಮಾರ ಇನ್ಸ್‌ಪೆಕ್ಟರ್ ಆಗಿ ಬಂದ ಮೇಲೆ ನಾನು ಕಲ್ಲನ್ನು ಆಟೋದಲ್ಲಿ ಹೇರಿಕೊಂಡು ಆಫೀಸಿಗೆ ಹೋದೆ. ಅವರು ಕುರ್ಚಿಯಿಂದ ಏಳದೆಯೇ ಸರ್ಟಿಫಿಕೇಟಿಗೆ ಸಹಿ ಮಾಡಿದರು. ಇಡೀ ಜಿಲ್ಲೆ ನಿಮ್ಮ ಕಲ್ಲಿನ ಮೇಲೆ ನಡೀತದ, ಅದನ್ನ ತೂಗಿದರೆ ನಿಮಗೆ ಅವಮಾನ ಮಾಡಿದಂಗ ಆಗ್ತದ ಅಂದರು. ನಾನು ಉಬ್ಬಿಹೋದೆ. ಬರುವ ದಾರಿಯಲ್ಲಿ ಆಟೋದವನಿಗೂ ಈ ಮಾತು ಹೇಳಿದೆ. ಎರಡು ವರ್ಷ ಬಿಟ್ಟು ಮತ್ತೆ ಸಹಿಗೆ ಹೋದಾಗ ಕಲ್ಲನ್ನು ಅಂಗಡಿಯಲ್ಲೇ ಬಿಟ್ಟು ಹೋದೆ.

ಈ ವರ್ಷದ ರಂಜಾನ್ ಮುಗಿದ ಮೇಲೆ ನಂದೂರಿನ ಒಂದು ಬೇಳೆ ಮಿಲ್ಲಿಗೆ ಎರಡು ಹೊಸ ಕಾಟಾ ಬಂದವು. ಪೆಟ್ಟಿಗೆ ಒಡೆದು ಮೊದಲನೆಯದರ ಮೇಲೆ ನನ್ನ ಕಲ್ಲಿಟ್ಟೆ. ಹತ್ತೊಂಬತ್ತು ಕಿಲೋ ಎಂಟುನೂರ ಇಪ್ಪತ್ತು ಗ್ರಾಂ ತೋರಿಸಿತು. ಲಾರಿಯಲ್ಲಿ ಕುಲುಕಿ ಕೆಟ್ಟಿದೆ ಎಂದು ಹೇಳಿ, ಬಟನ್ ಒತ್ತಿ ಇಪ್ಪತ್ತಕ್ಕೆ ತಂದು ನಿಲ್ಲಿಸಿದೆ. ಎರಡನೆಯದರ ಮೇಲೆ ಇಟ್ಟೆ. ಅದೂ ಹತ್ತೊಂಬತ್ತು ಎಂಟುನೂರ ಇಪ್ಪತ್ತು. ಅದರ ಬಟನ್ನಿಗೂ ಬೆರಳು ಇಟ್ಟಿದ್ದೆ.

ಮಿಲ್ಲಿನಲ್ಲಿ ಚೀಲ ತೂಗುವ ಗೌತಮ ಪಕ್ಕದಲ್ಲಿ ನಿಂತಿದ್ದ. ನಲವತ್ತರ ಮನುಷ್ಯ, ಮಾತು ಕಡಿಮೆ.

"ಸಾಬ್ರ, ಎರಡೂ ಕಾಟಾ ಅಷ್ಟಕ್ಕಷ್ಟ ಕೆಡ್ತಾವೇನ್ರೀ?" ಅಂದ.

ನಾನು ಬೆರಳು ತೆಗೆದೆ. ಕಲ್ಲನ್ನು ನೆಲಕ್ಕಿಳಿಸಿ ಮಗುಚಿದೆ. ಗುಳಿಯಲ್ಲಿ ಸೀಸ ಇರಲಿಲ್ಲ. ಕಪ್ಪು ಬಣ್ಣ ಬಳಿದ ಖಾಲಿ ಗುಳಿ ನನ್ನನ್ನೇ ನೋಡುತ್ತಿತ್ತು. ಬಳಿದವನು ನಾನೇ. ಪ್ರತಿ ವರ್ಷ ರಂಜಾನಿಗೆ ಮುಂಚೆ ಕಲ್ಲಿಗೆ ಬಣ್ಣ ಹಚ್ಚುತ್ತೇನೆ, ಅಡಿಗೂ ಹಚ್ಚುತ್ತೇನೆ. ಕೈ ತನ್ನಷ್ಟಕ್ಕೆ ಬಳಿದಿದೆ, ಕಣ್ಣು ಎಲ್ಲೋ ಇತ್ತು. ಮಾಲೀಕರಿಗೆ ನಾಳೆ ಬರುತ್ತೇನೆಂದು ಹೇಳಿ, ಕೆಡಿಸಿದ ಹೊಸ ಕಾಟಾವನ್ನು ಮೊದಲಿದ್ದಂತೆ ಮಾಡಿ ಹೊರಟೆ. ದಾರಿಯುದ್ದಕ್ಕೂ ಮನಸ್ಸಿಗೆ ಏನೂ ಆಗಲಿಲ್ಲ, ಅದೇ ನನಗೆ ವಿಚಿತ್ರ ಅನಿಸಿತು.

ಮನೆಯ ಅಂಗಳದಲ್ಲಿ ಕೂತು ಗುಳಿಯೊಳಗೆ ಬ್ಲೇಡು ಹಾಕಿ ಕೆರೆದೆ. ಸೀಸ ಯಾವಾಗ ಬಿದ್ದಿದೆ ಎಂದು ತಿಳಿಯಬೇಕಿತ್ತು. ಮೇಲೆ ಈ ವರ್ಷದ ಕಪ್ಪು. ಅದರ ಕೆಳಗೆ ಹೋದ ವರ್ಷದ ಕಪ್ಪು. ಅದರ ಕೆಳಗೆ ಹಸಿರು. ಹಸಿರಿನ ಕೆಳಗೆ ಬರೀ ಕಬ್ಬಿಣ, ಅಂದರೆ ಹಸಿರು ಹಚ್ಚುವ ಮೊದಲೇ ಸೀಸ ಬಿದ್ದಿತ್ತು. ಹೆಂಡತಿ ಮುನೀರಾ ಅಕ್ಕಿ ಆರಿಸುತ್ತಿದ್ದವಳು ಬಗ್ಗಿ ನೋಡಿ, ಇದು ಮಸೀದಿ ಕಿಟಕಿಗೆ ಹಚ್ಚಿ ಉಳಿದ ಬಣ್ಣ ಅಲ್ಲವಾ ಅಂದಳು. ಹೌದು. ಆ ಒಂದೇ ವರ್ಷ ನನ್ನ ಕಲ್ಲು ಹಸಿರಾಗಿತ್ತು. ಹಸಿರು ಕಲ್ಲನ್ನು ನಾನು ಎಲ್ಲೆಲ್ಲಿ ಒಯ್ದಿದ್ದೆನೋ ಎಲ್ಲ ಮರೆತಿದ್ದೇನೆ, ಒಂದು ಜಾಗ ಬಿಟ್ಟು.

ಆ ಜಾಗ ಕಮಲಾಪುರ. ಅಲ್ಲಿ ತುಕಾರಾಮನ ರೇಷನ್ ಅಂಗಡಿ ಇದೆ. ಸಾವಿತ್ರಿಬಾಯಿ ಅನ್ನುವ ಹೆಂಗಸು ಅವನ ಮೇಲೆ ದೂರು ಕೊಟ್ಟಿದ್ದಳು. ರಸ್ತೆ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಬಸ್ಸಿನ ಜನಕ್ಕೆ ಕೆಂಪು ಬಾಳೆಹಣ್ಣು ಮಾರುವವಳು. ಮನೆಯಲ್ಲಿ ಐದು ಜನ, ತಿಂಗಳಿಗೆ ಇಪ್ಪತ್ತೈದು ಕಿಲೋ ಅಕ್ಕಿ. ಆಕೆಯ ಹತ್ತಿರ ತಾಯಿ ಕೊಟ್ಟ ಹಿತ್ತಾಳೆ ಸೇರು ಇತ್ತು. ಮೊದಲೆಲ್ಲ ಆ ಅಕ್ಕಿ ಇಪ್ಪತ್ತೆಂಟು ಸೇರು ತುಂಬುತ್ತಿತ್ತು, ಈಗ ಕೊನೆಯ ಸೇರು ಮುಕ್ಕಾಲಿಗೇ ನಿಲ್ಲುತ್ತದೆ ಎಂಬುದು ಅವಳ ದೂರು. ಊರಿನಲ್ಲಿ ಗದ್ದಲ ಎದ್ದಿತು. ಎಲ್ಲರೆದುರು ಪರೀಕ್ಷೆ ಆಗಲಿ ಎಂದು ತುಕಾರಾಮನೇ ನನಗೆ ಹೇಳಿ ಕಳಿಸಿದ.

ನಾನು ಹೋದೆ, ತೋಳು ಮಡಚಿದೆ, ಕೈ ತೋರಿಸಿದೆ. ಹಸಿರು ಕಲ್ಲು ನೋಡಿ, ಸಾಬರು ತೂಕಕ್ಕೂ ಹಬ್ಬದ ಬಟ್ಟೆ ಹಾಕಿಸಿದ್ದಾರೆ ಎಂದು ಯಾರೋ ಚೇಷ್ಟೆ ಮಾಡಿದರು. ಕಲ್ಲಿಟ್ಟೆ. ಇಪ್ಪತ್ತು, ಸೊನ್ನೆ, ಸೊನ್ನೆ, ಸೊನ್ನೆ. ಬಾರದೆ ಏನು ಮಾಡೀತು? ಎರಡು ತಿಂಗಳ ಹಿಂದೆ ಆ ಕಾಟಾವನ್ನು ಅದೇ ಕಲ್ಲಿನಿಂದಲೇ ಸರಿ ಮಾಡಿದ್ದೆ. ಸಾವಿತ್ರಿಬಾಯಿ ಸೇರನ್ನು ಎದೆಗವಚಿಕೊಂಡು ನಿಂತಿದ್ದಳು. ನಾನು ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾಲ್ಕು ಜನ ನಗುತ್ತಿದ್ದರು, ನನಗೂ ನಾಲಿಗೆ ತುರಿಸಿತು.

"ಬಾಯಿ, ಸೇರಿನ ಕಾಲ ಹೋತು. ಅದನ್ನ ಮನ್ಯಾಗ ಇಟ್ಟು ಪೂಜಿ ಮಾಡ್ರಿ," ಅಂದಿದ್ದೆ.

ಜನ ಹೊಟ್ಟೆ ತುಂಬ ನಕ್ಕರು. ಸುಳ್ಳು ದೂರು ಕೊಟ್ಟೆನೆಂದು ಅವಳಿಂದ ಬರೆಸಿಕೊಂಡರು. ತುಕಾರಾಮ ಅದನ್ನು ಪ್ಲಾಸ್ಟಿಕ್ ಹಾಕಿಸಿ, ನನ್ನ ಸರ್ಟಿಫಿಕೇಟಿನ ಕೆಳಗೆ ಗೋಡೆಗೆ ಹೊಡೆದ. ನಾನು ಚಹಾ ಕುಡಿದು ಬಸ್ಸು ಹತ್ತಿದೆ.

ಮಾರನೆಯ ದಿನ ಸುನೀಲಕುಮಾರರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಗುಳಿಗೆ ಸೀಸ ತುಂಬಿಸಿ ತನ್ನಿ, ಇವತ್ತೇ ಮುದ್ರೆ ಹೊಡೆಯುತ್ತೇನೆ, ಬರುವ ವರ್ಷ ಕಾಟಾಗಳು ಸರ್ವಿಸಿಗೆ ಬಂದಾಗ ಒಂದೊಂದೇ ತಂತಾನೇ ಸರಿಹೋಗುತ್ತವೆ, ಯಾರಿಗೂ ತಿಳಿಯುವುದಿಲ್ಲ ಅಂದರು. ಬರೆದುಕೊಟ್ಟರೆ ನಿಮ್ಮ ಲೈಸೆನ್ಸು ಹೋಗುತ್ತದೆ, ನನ್ನ ನೌಕರಿಗೂ ಕುತ್ತು ಬರುತ್ತದೆ ಅಂದರು. ಕೆಟ್ಟ ಮನುಷ್ಯನಲ್ಲ. ಮಗಳ ಮದುವೆ ಗೊತ್ತಾಗಿದೆ ಎಂದು ಹೋದ ತಿಂಗಳಷ್ಟೇ ನನಗೆ ಪೇಢಾ ಕೊಟ್ಟಿದ್ದರು. ಅವರು ಹೇಳಿದ ದಾರಿ ಸುಲಭವಾಗಿತ್ತು, ಸುಳ್ಳು ಹೇಳುವುದಿಲ್ಲ, ನಾನು ಅರ್ಧ ದಿನ ಅದನ್ನೇ ಯೋಚಿಸಿದೆ. ಬಜಾರಿನ ಕಾಟಾಗಳು ಹಾಗೆ ಸರಿಹೋಗಬಹುದು. ಕಮಲಾಪುರದ ಗೋಡೆಯ ಮೇಲಿನ ಕಾಗದ ತಂತಾನೇ ಕೆಳಗಿಳಿಯುವುದಿಲ್ಲ.

ಮಧ್ಯಾಹ್ನ ಒಂದು ಅರ್ಜಿ ಬರೆದೆ. ನನ್ನ ಕಲ್ಲು ನೂರ ಎಂಬತ್ತು ಗ್ರಾಂ ಕಡಿಮೆ ಇದೆ, ಎರಡು ವರ್ಷಕ್ಕೂ ಮೇಲಾಗಿದೆ, ನಾನು ಸರಿ ಮಾಡಿದ ಕಾಟಾಗಳೆಲ್ಲ ತಪ್ಪು ಎಂದು ನಾಲ್ಕು ಸಾಲು. ಆಫೀಸಿನ ಗುಮಾಸ್ತ ಓದದೆ ಸ್ವೀಕೃತಿ ಸೀಲು ಹೊಡೆದು ಒಂದು ಪ್ರತಿ ನನಗೆ ಕೊಟ್ಟ. ಹೊರಗೆ ಬಂದು ನಿಂಬೆ ಸೋಡಾ ಕುಡಿದೆ. ಮೂವತ್ತೊಂದು ವರ್ಷದ ಹೆಸರು ಒಂದು ಸೀಲಿಗೆ ಮುಗಿಯಿತು ಎಂದುಕೊಂಡರೆ ದುಃಖವಾದರೂ ಆದೀತು ಎಂದು ಕಾದೆ. ಆಗಲಿಲ್ಲ. ಅರಿವಳಿಕೆ ಕೊಟ್ಟ ದವಡೆಯನ್ನು ನಾಲಿಗೆಯಿಂದ ಮುಟ್ಟಿ ನೋಡಿದ ಹಾಗಿತ್ತು.

ಮರುದಿನ ಆ ಪ್ರತಿಯನ್ನೂ ಆಫೀಸಿನಲ್ಲಿ ತೂಗಿಸಿ ಮುದ್ರೆ ಹೊಡೆಸಿದ್ದ ಐದು ಕಿಲೋದ ಬೇರೊಂದು ಹೊಸ ಕಲ್ಲನ್ನೂ ಚೀಲದಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ರೇಷನ್ ಕೊಡುವ ದಿನ. ಹದಿನೈದು ಇಪ್ಪತ್ತು ಜನ ಸಾಲಿನಲ್ಲಿದ್ದರು. ತೋಳು ಮಡಚಲಿಲ್ಲ. ಕಾಟಾದ ಮೇಲೆ ಹೊಸ ಕಲ್ಲಿಟ್ಟೆ. ಐದು ಕಿಲೋ ನಲವತ್ತೈದು ಗ್ರಾಂ ಎಂದು ಬಂತು. ಕಲ್ಲು ಸರಿ ಇದೆ, ಕಾಟಾ ಹೆಚ್ಚು ತೋರಿಸುತ್ತದೆ, ಅಂದರೆ ನಿಮಗೆ ಅಷ್ಟು ಅಕ್ಕಿ ಕಡಿಮೆ ಬಿದ್ದಿದೆ, ಸಾವಿತ್ರಿಬಾಯಿ ಹೇಳಿದ್ದು ಖರೆ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬೈಯಲಿ ಎಂದು ನಿಂತೆ. ಸಾಲಿನಲ್ಲಿದ್ದ ಒಬ್ಬ ಮುದುಕ, ಹೋಗಲಿ ಬಿಡ್ರಿ ಸಾಬರ, ಎಲ್ಲಾ ಕಡೆ ಹಂಗ ಅದ ಅಂದ. ಅವನ ಹಿಂದಿದ್ದ ಹೆಂಗಸು, ಸಾಲು ಮುಂದೆ ನಡೆಯಲಿ, ಬಿಸಿಲೇರಿತು ಅಂದಳು. ಒಬ್ಬಾತ ಮೊಬೈಲಿನಲ್ಲಿ ನನ್ನ ಫೋಟೊ ಹೊಡೆದುಕೊಂಡ. ಅಷ್ಟೇ.

ತುಕಾರಾಮ ನನ್ನನ್ನು ಒಳಗೆ ಕರೆದು ಚೀಲದ ಮೇಲೆ ಕೂರಿಸಿದ. ಅವನಿಗೂ ಕ್ಷಮೆ ಕೇಳಿದೆ, ನನ್ನಿಂದ ನಿನಗೂ ಕೆಟ್ಟ ಹೆಸರು ಬಂತಲ್ಲ ಅಂದೆ. ಅವನು ನನ್ನ ಮುಖ ನೋಡಿದ. ಆ ನೋಟದಲ್ಲಿ ಕುಹಕವಿರಲಿಲ್ಲ, ಇದ್ದದ್ದು ಕನಿಕರ.

"ಸಾಬ್ರ, ಪ್ರತಿ ತಿಂಗಳಾ ಹಂಚಿದ ಮ್ಯಾಲ ಎರಡು ಚೀಲದ ಹತ್ರ ಅಕ್ಕಿ ಉಳೀತಿತ್ರೀ. ನನಗ ಗೊತ್ತಾಗ್ಲಿಲ್ಲ ಅಂತ ತಿಳದೀರೇನು?" ಅಂದ. "ಆದ್ರ ನಾ ಎಲ್ಲೂ ಸುಳ್ಳು ಹೇಳಿಲ್ಲ. ಕಾಟಾ ಸರಿ ಅದ ಅಂತ ಹೇಳಿದವ್ರು ನೀವ."

ಅಂದರೆ ಪರೀಕ್ಷೆಗೆ ನನ್ನನ್ನು ಕರೆಸಿದ ದಿನವೇ ಅವನಿಗೆ ತಿಳಿದಿತ್ತು. ಬೇರೆ ಯಾರನ್ನೂ ಕರೆಸದೆ ನನ್ನನ್ನೇ ಕರೆಸಿದ್ದು ಯಾಕೆಂದು ನಾನು ಕೇಳಲಿಲ್ಲ. ಕೇಳುವಂಥದ್ದು ಏನಿತ್ತು? ಅವನು ನನ್ನ ಪ್ರಾಮಾಣಿಕತನವನ್ನು ಎರಡು ವರ್ಷ ಚೀಲದಲ್ಲಿ ತುಂಬಿಕೊಂಡಿದ್ದ. ಇನ್ನೊಬ್ಬನಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದನೇನೋ. ನಾನು ಎದ್ದು, ಎರಡು ಚೀಲದ ಮಾತನ್ನೂ ನಾಳೆ ಬರೆದುಕೊಡುತ್ತೇನೆ ಎಂದು ಅವನಿಗೆ ಹೇಳಿ, ಗೋಡೆಯಿಂದ ಎರಡೂ ಕಾಗದ ಕಿತ್ತೆ. ನನ್ನ ಸರ್ಟಿಫಿಕೇಟನ್ನು ನಾಲ್ಕು ಹೋಳು ಮಾಡಿ ಅಲ್ಲೇ ಹಾಕಿದೆ. ಅವಳ ಕಾಗದವನ್ನು ಮಡಚದೆ ಕೈಯಲ್ಲಿ ಹಿಡಿದುಕೊಂಡೆ. ತುಕಾರಾಮ ತಡೆಯಲಿಲ್ಲ, ಗೋಡೆಯ ಮೇಲೆ ಉಳಿದ ಮೊಳೆಗೆ ತನ್ನ ಟವೆಲ್ಲು ತೂಗುಹಾಕಿದ.

ರಸ್ತೆ ತಿರುವಿನಲ್ಲಿ ಸಾವಿತ್ರಿಬಾಯಿ ಇರಲಿಲ್ಲ. ಆಕೆ ಹಣ್ಣು ಮಾರುವುದು ಬಿಟ್ಟು ಎರಡು ವರ್ಷವಾಯಿತು ಎಂದು ಅಲ್ಲಿ ಕೂತಿದ್ದ ಇನ್ನೊಬ್ಬಳು ಹೇಳಿದಳು. ಡಜನ್ನಿಗೆ ಹನ್ನೆರಡು ಇದೆಯೋ ಇಲ್ಲವೋ ಎಂದು ಊರ ಹುಡುಗರು ಬಂದು ಬಂದು ಎಣಿಸಿ ಸತಾಯಿಸುತ್ತಿದ್ದರಂತೆ. ಮನೆ ಹುಡುಕಿಕೊಂಡು ಹೋದೆ. ಸೊಸೆ ಸಪ್ನಾ ಹೊರಗೆ ಕುರ್ಚಿ ಹಾಕಿದಳು. ಸಾವಿತ್ರಿಬಾಯಿ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನ ಗುರುತು ಹಿಡಿದು ಸೆರಗು ತಲೆಗೆ ಎಳೆದುಕೊಂಡಳು.

ನಾನು ಕುರ್ಚಿಯಲ್ಲಿ ಕೂರಲಿಲ್ಲ. ಗುಳಿ, ಸೀಸ, ಹಸಿರು ಬಣ್ಣ, ಎಲ್ಲ ಹೇಳಿದೆ. ನಿಮ್ಮ ಸೇರು ಸರಿ ಇತ್ತು, ನನ್ನ ಕಲ್ಲು ಸುಳ್ಳು ಇತ್ತು, ಅವತ್ತು ನಗೆಯಾಡಿದ್ದಕ್ಕೆ ಮಾಫಿ ಮಾಡಿ ಅಂದೆ. ಕಾಗದವನ್ನು ಅವಳ ಮುಂದೆ ಇಟ್ಟೆ. ನಾಳೆ ಬೇಕಾದರೆ ನಿಮ್ಮ ಸೇರು ತೆಗೆದುಕೊಂಡು ಬನ್ನಿ, ಪಂಚಾಯಿತಿ ಮುಂದೆ ಅದೇ ಸೇರಿನಿಂದ ಅಳೆದು ತೋರಿಸುತ್ತೇನೆ, ನಕ್ಕವರೆಲ್ಲ ನೋಡಲಿ ಅಂದೆ. ಇಷ್ಟಾದರೆ ನನ್ನೊಳಗೆ ಏನೋ ಸಡಿಲವಾದೀತು ಎಂಬ ಆಸೆ ಇತ್ತು. ಮುಚ್ಚಿಟ್ಟು ಏನು ಪ್ರಯೋಜನ, ನಾನು ಹೋದದ್ದೇ ಅರ್ಧ ಅದಕ್ಕೆ.

ಆಕೆ ಕಾಗದ ಮುಟ್ಟಲಿಲ್ಲ. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಬೆಳ್ಳುಳ್ಳಿಯ ಸಿಪ್ಪೆ ಪೂರ್ತಿ ಬಿಡಿಸಿ ಬಟ್ಟಲಿಗೆ ಹಾಕಿದ ಮೇಲೆ ಮಾತಾಡಿದಳು.

"ಸೇರು ಇಲ್ರೀ. ಅವತ್ತ ಮನಿಗೆ ಬಂದ ಮ್ಯಾಲ ನಾ ಭಾಳ ವಿಚಾರ ಮಾಡ್ದೆ. ತುಕಾರಾಮ ಹೇಳಿದ್ರ ನಂಬ್ತಿದ್ದಿಲ್ಲ. ನಬಿಸಾಬರು ಹೇಳ್ಯಾರ ಅಂದ ಮ್ಯಾಲ ನಮ್ಮವ್ವನ ಸೇರ ಸುಳ್ಳಿರಬೇಕು ಅಂತ, ಹಳೇ ಸಾಮಾನಿನ ಮೋಡಕಾದವಂಗ ಹಾಕಿಬಿಟ್ಟೆ."

ಸಪ್ನಾ ಒಳಗಿನಿಂದ ಚಹಾ ತಂದಳು. ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ನೆನಪಿಲ್ಲ. ಸಾವಿತ್ರಿಬಾಯಿ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡಳು, ಐದೂವರೆಗೆ ಕಲಬುರಗಿ ಬಸ್ಸು ಅದ, ತಪ್ಪಿದರ ಮುಂದ ತಡ ಆಗ್ತದ ಎಂದು ನನಗೆ ತಿಳಿಸಿದಳು. ನಾನು ಎದ್ದು ನಿಂತೆ. ಬಸ್ಸಿನ ಹೊತ್ತನ್ನು ಬೇರೆ ಯಾರನ್ನೂ ಕೇಳದೆ, ಈ ಸಲ ಅವಳ ಮಾತನ್ನೇ ನಂಬಿ ಹೊರಟೆ.