ಸ್ವಲ್ಪ ಕುಲುಕುತ್ತೆ, ಅಷ್ಟೇ

ನಮ್ಮ ಏರ್‌ಸ್ಟ್ರಿಪ್ಪಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಬಂಡೆ ಎಂದು. ಇಪ್ಪತ್ತೆರಡು ವರ್ಷ ಸಣ್ಣ ವಿಮಾನ ಓಡಿಸಿದ್ದೇನೆ, ರೇಡಿಯೋದಲ್ಲಿ ನನ್ನ ದನಿ ನಡುಗಿದ್ದನ್ನು ಯಾರೂ ಕೇಳಿಲ್ಲ, ಅದಕ್ಕೆ ಈ ಹೆಸರು. ಇಟ್ಟವರು ತಮಾಷೆಗೆ ಇಟ್ಟರು. ನಾನು ಅದನ್ನು ಬಿರುದು ಅಂದುಕೊಂಡು ತಲೆಯ ಮೇಲೆ ಹೊತ್ತು ಮೆರೆದೆ. ನನ್ನಂಥ ಪೆದ್ದ ಇನ್ನೊಬ್ಬನಿರಲಾರ.

ನಮ್ಮ ಕೆಲಸ ಮಹಾ ದೊಡ್ಡದೇನಲ್ಲ. ಬೆಟ್ಟಗಳ ಈಚೆಯಿಂದ ಆಚೆಗೆ ಟಪಾಲು, ಔಷಧಿ ಪೆಟ್ಟಿಗೆ, ಒಬ್ಬಿಬ್ಬರು ಪ್ರಯಾಣಿಕರನ್ನು ಸಾಗಿಸುವುದು. ಒಂದೇ ಎಂಜಿನ್ನು, ಒಬ್ಬರೇ ಪೈಲಟ್. ನಡುವಿನ ಕಣಿವೆಯಲ್ಲಿ ನುಸುಳಿಕೊಂಡು ಹೋಗಬೇಕು. ಹವೆ ಕೆಟ್ಟಾಗ ಮುಂದೆ ಹೋದವರು ಹಿಂದೆ ಬರುವವರಿಗೆ ದಾರಿ ಹೇಗಿದೆ ಎಂದು ರೇಡಿಯೋದಲ್ಲಿ ತಿಳಿಸುವುದು ವಾಡಿಕೆ. ಅದಕ್ಕೆ ಮೂರು ಮಾತು ಸಾಕು. ಲೈಟ್ ಎಂದರೆ ಲೋಟದ ಕಾಫಿ ತುಳುಕುತ್ತದೆ. ಮಾಡರೇಟ್ ಎಂದರೆ ಸೀಟಿನ ಬೆಲ್ಟು ಸೊಂಟ ಕಚ್ಚುತ್ತದೆ. ಸಿವಿಯರ್ ಎಂದರೆ ವಿಮಾನ ನಮ್ಮ ಕೈಯಲ್ಲಿಲ್ಲ. ಹಿಂದಿನವರು ಆ ಒಂದು ಮಾತನ್ನು ನಂಬಿ ಮುಂದೆ ಬರುತ್ತಾರೆ, ಇಲ್ಲವೇ ತಿರುಗಿ ಹೋಗುತ್ತಾರೆ.

ಆ ಮಧ್ಯಾಹ್ನ ನನ್ನ ಹಿಂದೆ ಹದಿನೈದು ನಿಮಿಷದ ಅಂತರದಲ್ಲಿ ಬರುತ್ತಿದ್ದವಳು ನನ್ನ ಅಕ್ಕನ ಮಗಳು. ಅವಳಿಗೆ ವಿಮಾನ ಕಲಿಸಿದವನು ನಾನೇ. ಬೇಡವೇ ಬೇಡ ಎಂದು ಅಕ್ಕ ಹಟ ಹಿಡಿದಾಗ "ನಾನಿದ್ದೀನಲ್ಲ" ಎಂದು ಎದೆ ತಟ್ಟಿಕೊಂಡವನೂ ನಾನೇ. ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವಳ ಹಿಂದಿನ ಸೀಟಿನಲ್ಲಿ ಊರಿಗೆ ಮರಳುತ್ತಿದ್ದ ಒಬ್ಬರು ಟೀಚರ್ ಇದ್ದರು. ನನ್ನ ವಿಮಾನದಲ್ಲಿ ಬರೀ ಪೆಟ್ಟಿಗೆಗಳು.

ಕಣಿವೆಯ ಮೇಲೆ ಕಪ್ಪು ಮೋಡ ಕೂತಿತ್ತು. ಅದರ ಕೆಳಗೆ ಒಂದು ಪಟ್ಟಿಯಷ್ಟು ಬೆಳಕು ಕಂಡಿತು, ನುಗ್ಗಿದೆ. ಮೊದಲ ಏಟಿಗೆ ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಎರಡನೆಯದಕ್ಕೆ ಎಡರೆಕ್ಕೆ ನೇರ ನೆಲದತ್ತ ವಾಲಿತು. ಎತ್ತರ ತೋರಿಸುವ ಮುಳ್ಳು ಗಿರ್ರನೆ ಹಿಂದಕ್ಕೆ ಸುತ್ತುತ್ತಿತ್ತು. ಎಂಜಿನ್ನಿಗೆ ಇದ್ದಬದ್ದ ಶಕ್ತಿಯೆಲ್ಲ ಕೊಟ್ಟರೂ ಕೆಳಕ್ಕೇ ಇಳಿಯುತ್ತಿದ್ದೆ. ಯಾರೋ ಜಲ್ಲಿ ಎರಚಿದ ಹಾಗೆ ಮಳೆ ಗಾಜಿಗೆ ಹೊಡೆಯಿತು. ಪಟ್ಟಿ ಕಿತ್ತುಕೊಂಡ ಪೆಟ್ಟಿಗೆಯೊಂದು ಹಾರಿ ಬಂದು ನನ್ನ ಸೀಟಿಗೆ ಗುದ್ದಿತು. "ಅಮ್ಮಾ!" ಎಂದು ಕಿರುಚಿದೆ. ಅಮ್ಮ ತೀರಿಕೊಂಡು ಹನ್ನೊಂದು ವರ್ಷ. ಆಮೇಲೆ ಕಣ್ಣು ಮುಚ್ಚಿಕೊಂಡೆ. ವಿಮಾನ ಓಡಿಸುವವನು ಕಣ್ಣು ಮುಚ್ಚಿಕೊಂಡೆ! ನಾಲ್ಕೈದು ನಿಮಿಷಗಳಾದ ಮೇಲೆ ಮೋಡವೇ ನನ್ನನ್ನು ಆಚೆಗೆ ಉಗುಳಿತು. ಪ್ಯಾಂಟು ಒದ್ದೆಯಾಗಿತ್ತು. ಇಳಿದ ಮೇಲೆ, ಫ್ಲಾಸ್ಕಿನ ಕಾಫಿ ಚೆಲ್ಲಿತೆಂದು ಮೆಕ್ಯಾನಿಕ್ಕಿಗೆ ಹೇಳಿದೆ. ಅದು ಕಾಫಿಯಲ್ಲ.

"ಮೂವತ್ತೊಂದು, ದಾರಿ ಹೇಗಿದೆ?" ರೇಡಿಯೋ ಆಪರೇಟರ್ ನನ್ನ ವಿಮಾನದ ನಂಬರು ಹಿಡಿದು ಕೇಳಿದಳು.

ಅವಳೊಬ್ಬಳೇ ಕೇಳುವುದಾಗಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಕ್ಯಾಂಟೀನಿನಲ್ಲೂ ಒಂದು ಸ್ಪೀಕರ್ ಇದೆ. ಮೆಕ್ಯಾನಿಕ್ಕುಗಳು, ಲೋಡಿಂಗಿನವರು, ರಜೆಯ ಮೇಲಿದ್ದ ಪೈಲಟ್‌ಗಳು ಸಹಿತ ಅಲ್ಲಿ ಟೀ ಹೀರುತ್ತಾ ಕಿವಿ ಕೊಟ್ಟು ಕೂತಿರುತ್ತಾರೆ. ಬಂಡೆ ಸಿವಿಯರ್ ಅಂದನಂತೆ ಎಂದು ಅವರು ನಗುವುದು ಕಣ್ಣಿಗೆ ಕಟ್ಟಿತು.

"ಲೈಟ್," ಎಂದೆ. ಅಷ್ಟು ಸಾಲದೆಂಬಂತೆ, "ಸ್ವಲ್ಪ ಕುಲುಕುತ್ತೆ, ಅಷ್ಟೇ" ಎಂದೂ ಸೇರಿಸಿದೆ.

ತಕ್ಷಣ ಅಕ್ಕನ ಮಗಳ ದನಿ ಬಂತು. "ಮಾಮ, ಇಲ್ಲಿಂದ ನೋಡಿದ್ರೆ ತುಂಬಾ ಕಪ್ಪಗಿದೆ. ವಾಪಸ್ ತಿರುಗಿಸ್ಲಾ ಅಂತಿದ್ದೆ."

ದೇವರು ಇನ್ನೊಂದು ಅವಕಾಶ ಕೊಟ್ಟಿದ್ದ. ಅದನ್ನೂ ಕೈಯಾರೆ ಹಾಳುಮಾಡಿಕೊಂಡೆ.

"ನೋಡೋಕೆ ಹಾಗೆ ಕಾಣುತ್ತೆ. ಧೈರ್ಯವಾಗಿ ಬಾ."

ಬಂದಳು. ನಾನು ಇಳಿದು ರನ್‌ವೇ ಅಂಚಿನಲ್ಲಿ ನಿಂತಿದ್ದೆ. ಅವಳ ವಿಮಾನ ಬೆಟ್ಟದ ಸಂದಿಯಿಂದ ಹೊರಬೀಳುವವರೆಗೆ ಅಲ್ಲಿಂದ ಕದಲಲಿಲ್ಲ. ವಿಮಾನ ನೆಟ್ಟಗೇ ಇಳಿಯಿತು. ಬಾಗಿಲು ತೆಗೆದರೆ ಟೀಚರಮ್ಮನ ಮುಖವೆಲ್ಲ ರಕ್ತ, ಹೆಗಲ ಮೂಳೆ ಮುರಿದು ಕೈ ಜೋತುಬಿದ್ದಿತ್ತು. ಅಕ್ಕನ ಮಗಳಿಗೆ ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಸೀಟಿನಿಂದ ಏಳಲಾರದೆ, ಹಿಡಿಯನ್ನು ಬಿಡಲಾರದೆ ಕೂತಿದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಆಗಲೂ ಬಾಯಿ ಬಿಡಲಿಲ್ಲ.

ಮರುದಿನ ಕ್ಯಾಂಟೀನಿಗೆ ಹೋದರೆ ಮೆಕ್ಯಾನಿಕ್ಕು ಬೆನ್ನು ತಟ್ಟಿದ. "ಅದೇ ಮೋಡ, ಅದೇ ಕಣಿವೆ. ನಿಮಗೆ ಲೈಟು, ಆ ಹುಡುಗಿಗೆ ಪ್ರಳಯ. ಅನುಭವ ಅಂದ್ರೆ ಇದು ನೋಡಿ!" ನಾನು ನಕ್ಕೆ. ನಕ್ಕಿದ್ದು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಟೀಚರನ್ನು ನೋಡಲೆಂದು ಆಸ್ಪತ್ರೆಯ ಬಾಗಿಲವರೆಗೆ ಹೋಗಿ, ಕಿತ್ತಳೆ ಹಣ್ಣಿನ ಚೀಲವನ್ನು ನರ್ಸ್ ಕೈಗೆ ಕೊಟ್ಟು ಓಡಿಬಂದೆ.

ಮೂರನೆಯ ದಿನ ಅಕ್ಕ ಫೋನ್ ಮಾಡಿದಳು. "ಅವಳು ಕೆಲಸ ಬಿಡ್ತಾಳಂತೆ ಕಣೋ. ಪತ್ರ ಬರೆದಿಟ್ಟಿದ್ದಾಳೆ. ನನಗಂತೂ ಹಾಲು ಕುಡಿದಷ್ಟು ಸಂತೋಷ. ಆದ್ರೆ ರಾತ್ರಿಯೆಲ್ಲ ಅಳ್ತಾಳೆ, ಅದನ್ನ ನೋಡೋಕಾಗಲ್ಲ. ಬಂದು ಒಂದು ಮಾತಾಡು."

ಹೋದೆ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಹಾರಾಟದ ಲಾಗ್ ಪುಸ್ತಕ, ಸಮವಸ್ತ್ರದ ಭುಜಪಟ್ಟಿ, ಪತ್ರ, ಎಲ್ಲವನ್ನೂ ಹಿಂದಿರುಗಿಸಲು ಒಂದು ಲಕೋಟೆಗೆ ತುಂಬುತ್ತಿದ್ದಳು. ಅಕ್ಕ ಒಲೆಯ ಹತ್ತಿರ ನಿಂತಿದ್ದಳು.

"ನನ್ನ ಕೈಲಿ ಆಗಲ್ಲ ಮಾಮ," ಎಂದಳು. "ನಿನಗೆ ಲೈಟ್ ಅನ್ನಿಸಿದ್ದು ನನಗೆ ಸಾವು ಕಂಡ ಹಾಗಾಯ್ತು. ನಾನು ಅಮ್ಮಾ ಅಂತ ಕಿರುಚಿಬಿಟ್ಟೆ, ಗೊತ್ತಾ? ಪ್ಯಾಸೆಂಜರ್ ಮುಂದೆ. ಇಂಥ ಪುಕ್ಕಲಿ ಇನ್ನೊಬ್ಬರ ಜೀವ ಇಟ್ಕೊಂಡು ಹಾರಬಾರದು."

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಬಿಡಲಿಲ್ಲ. ನಾನೇ ಬಾಯಿ ಬಿಡಬೇಕಾಯಿತು.

"ನಾನೂ ಕಿರುಚಿದೆ," ಎಂದೆ. "ನಾನೂ ಅಮ್ಮಾ ಅಂದೆ. ಕಣ್ಣು ಮುಚ್ಚಿಕೊಂಡೆ. ಪ್ಯಾಂಟು ಒದ್ದೆ ಮಾಡಿಕೊಂಡೆ. ಅದು ಲೈಟ್ ಆಗಿರಲಿಲ್ಲ ಮಗಳೇ, ಸಿವಿಯರ್. ಎಲ್ಲರೂ ಕೇಳ್ತಿದ್ರು, ಹೇಳೋಕೆ ನಾಚಿಕೆ ಆಯ್ತು. ನೀನು ಕಣ್ಣು ತೆರೆದೇ ಓಡಿಸಿದೆ. ನನಗಿಂತ ನೀನೇ ಚೆನ್ನಾಗಿ ಓಡಿಸಿದೆ."

ಅಕ್ಕ ಒಲೆ ಆರಿಸಿದಳು. ನನ್ನ ಮುಂದಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದಳು.

ಹುಡುಗಿ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಬಯ್ಯಲಿ, ಹೊಡೆಯಲಿ ಎಂದು ಕಾದೆ. ಅವಳು ಕೇಳಿದ್ದು ಒಂದೇ: "ಟೀಚರ್‌ಗೆ ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಲಕೋಟೆಯಿಂದ ಪತ್ರವನ್ನು ತೆಗೆದು ಹರಿದಳು.

ಆ ಸಂಜೆಯೇ ಟೀಚರ್‌ಗೆ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮೇಲಧಿಕಾರಿಗೂ ಬರೆದುಕೊಟ್ಟೆ, ಮೂರು ತಿಂಗಳು ಹಾರಲು ಬಿಡದೆ ನೆಲದ ಮೇಲೆ ಕೂರಿಸಿದರು. ಈಗ ಕ್ಯಾಂಟೀನಿನಲ್ಲಿ ನನ್ನನ್ನು ಬಂಡೆ ಎನ್ನುವವರಿಲ್ಲ. ಅದರಿಂದ ನೋವಾಗಲಿಲ್ಲ ಎಂದರೆ ಅದೂ ಸುಳ್ಳಾದೀತು.

ಮತ್ತೆ ಹಾರಲು ಶುರುಮಾಡಿದ ವಾರ ಕಣಿವೆಯ ಮೇಲೆ ತೆಳ್ಳಗೆ ಮೋಡವಿತ್ತು. ಆರಾಮಾಗಿ ದಾಟಿದೆ. ಹಿಂದೆ ಅವಳು ಬರುತ್ತಿದ್ದಳು.

"ದಾರಿ ಲೈಟ್," ಎಂದು ರೇಡಿಯೋದಲ್ಲಿ ಹೇಳಿದೆ. ದೇವರಾಣೆಗೂ ಲೈಟೇ ಇತ್ತು.

ಆಮೇಲೆ ಅವಳ ದನಿ ಕೇಳಿತು. ಮಾತು ನನಗಲ್ಲ, ಆಪರೇಟರಿಗೆ.

"ಕೇಳಿಸ್ತು. ನಾನು ವಾಪಸ್ ತಿರುಗಿಸ್ತಾ ಇದ್ದೀನಿ."