ಹಲ್ಲು ತೆಗೆದಿಟ್ಟ ಮುದುಕ ಊದಿದನೆ?

೧
ಈ ಕಥೆಯನ್ನು ಹಲ್ಲಿನಿಂದ ಶುರು ಮಾಡಬೇಕೋ ಟ್ರಂಪೆಟ್ಟಿನಿಂದಲೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಟ್ರಂಪೆಟ್ಟು ಎಂದರೆ ನೀವು ಸಂಗೀತದ ಕಥೆಯೆಂದು ಗಂಭೀರವಾಗಿ ಕೂರುತ್ತೀರಿ. ಹಲ್ಲು ಎಂದರೆ ನಗೆಬರಹ ಎಂದುಕೊಳ್ಳುತ್ತೀರಿ. ಎರಡೂ ಬೇಡ. ಕರೆಂಟಿನಿಂದಲೇ ಶುರು ಮಾಡುತ್ತೇನೆ: ಕರೆಂಟು ಹೋಯಿತು.

೨
ಹೋದದ್ದು ೧೯೯೮ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ, ಯಳಂದೂರಿನ ಮಹಿಳಾ ಸಂಘದ ಹಾಲಿನಲ್ಲಿ. ಟೀವಿಯಲ್ಲಿ ಒಂದು ಡಾಕ್ಯುಮೆಂಟರಿ ಓಡುತ್ತಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ತಿಂಗಳು ಇದ್ದುಹೋದ ಇಂಗ್ಲೆಂಡಿನ ಹುಡುಗಿಯೊಬ್ಬಳು ತಾನೇ ತೆಗೆದದ್ದೆಂದು ಸಂಘದ ಯಶೋದಳಿಗೆ ಕಳಿಸಿದ್ದ ಕ್ಯಾಸೆಟ್ಟು. ಜೊತೆಗೊಂದು ಕಾಗದ: ‘ನೋಡಿದವರೆಲ್ಲರ ಅಭಿಪ್ರಾಯ ಬರೆಸಿ ಕಳಿಸು.’

ವಿಷಯ, ಸ್ಕಾ. ಜಮೈಕಾದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, ಮೂಲೆ ಸೇರಿ, ಮತ್ತೆ ಎದ್ದುಬಂದ ಕುಣಿತದ ಸಂಗೀತ. ಪೆಟ್ಟು ಬೀಳಲಿ ಎಂದು ನಾವು ಕಾಯುವ ಕಡೆ ಅದು ಸುಮ್ಮನಿರುತ್ತದೆ. ನಾವು ಉಸಿರು ಎಳೆದುಕೊಳ್ಳುವ ಕಡೆ ‘ಚಕ್’ ಎನ್ನುತ್ತದೆ. (ನನಗೆ ಗೊತ್ತಿರುವುದು ಇಷ್ಟೇ. ಹೆಚ್ಚು ಗೊತ್ತಿರುವಂತೆ ನಟಿಸಿದ್ದ ಎರಡು ಪುಟ ಕಸದಬುಟ್ಟಿಯಲ್ಲಿವೆ.)

ಹಿಂದಿನ ಸಾಲಿನಲ್ಲಿ ಅಗರದ ದೊಡ್ಡಮಾದಪ್ಪ ಕೂತಿದ್ದ. ಅರವತ್ತಮೂರು ವರ್ಷ, ಅದರಲ್ಲಿ ಇಪ್ಪತ್ತೆಂಟು ವರ್ಷ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ಟು ಊದಿದವನು. ಎರಡು ವರ್ಷದಿಂದ ಅವನ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಟ್ರಂಪೆಟ್ಟನ್ನು ತುಟಿಗೆ ಒತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಹಾಗಾಗಿ ಅದು ಹಳೇ ಪಂಚೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿತ್ತು.

ಸಿನಿಮಾದಲ್ಲಿಯೂ ಒಬ್ಬ ಮುದುಕ. ಮೂವತ್ತು ವರ್ಷ ಊದದೆ ಇದ್ದವನನ್ನು ಹೊಸ ಹುಡುಗರ ತಂಡ ಹುಡುಕಿ ಕರೆತಂದಿದೆ. ಆತ ಕುರ್ಚಿಯಲ್ಲಿ ಕೂತ, ಬಾಯಿಗೆ ಕೈ ಹಾಕಿದ, ಕಟ್ಟಿಸಿದ್ದ ಹಲ್ಲಿನ ಸೆಟ್ಟನ್ನು ತೆಗೆದು ಗಾಜಿನ ಲೋಟದ ನೀರಿಗೆ ಬಿಟ್ಟ. ಟ್ರಂಪೆಟ್ಟು ಎತ್ತಿಕೊಂಡ. ದೊಡ್ಡಮಾದಪ್ಪ ಬೆಂಚಿನ ತುದಿಗೆ ಸರಿದ.

ಆಗಲೇ ಹೋಗಿದ್ದು.

೨ (ಮತ್ತೆ)
ಮೊದಲ ಡ್ರಾಫ್ಟಿನಲ್ಲಿ ಕರೆಂಟು ಹೋಗಿರಲಿಲ್ಲ. ಮುದುಕ ಊದಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ದೊಡ್ಡಮಾದಪ್ಪ ಕಣ್ಣೊರೆಸಿಕೊಂಡ. ಓದಿ ನನಗೇ ನಾಚಿಕೆಯಾಯಿತು. ಹರಿದುಹಾಕಿದೆ.

ಕ್ಯಾಸೆಟ್ಟೂ ಹರಿಯಿತು. ಕೊಳ್ಳೇಗಾಲದಿಂದ ಬಾಡಿಗೆಗೆ ವಿಸಿಪಿ ತಂದಿದ್ದ ಸ್ವಾಮಿಗೆ ಇನ್ನೊಂದು ಕಡೆ ಹೋಗುವ ಅವಸರ. ಸಿಕ್ಕಿಕೊಂಡಿದ್ದ ಕ್ಯಾಸೆಟ್ಟನ್ನು ಜಗ್ಗಿ ಎಳೆದ. ಟೇಪು ಕರುಳಿನ ಹಾಗೆ ಆಚೆ ಬಂತು.

(ಇಂಗ್ಲೆಂಡಿಗೆ ಬರೆದು ಕೇಳಬಹುದಿತ್ತಲ್ಲ? ಕಾಗದ ಹೋಗಿ ಬರಲು ತಿಂಗಳು ಬೇಕು. ಫೋನು? ನಂಬರು ಕಾಗದದಲ್ಲಿರಲಿಲ್ಲ. ಆ ನಂಬರನ್ನು ನಾನೇ ಬರೆಯಲಿಲ್ಲ; ಬರೆದಿದ್ದರೆ ಕಥೆ ಇಲ್ಲಿಗೇ ಮುಗಿದು ನೀವು ಎದ್ದು ಹೋಗುತ್ತಿದ್ದಿರಿ.)

೩
ಒಂದು ತಿಂಗಳು ಕಾಯುವಂತಿರಲಿಲ್ಲ, ಯಾಕೆಂದರೆ ಆ ಭಾನುವಾರವೇ ಯಳಂದೂರಿನಲ್ಲಿ ದಂತ ಶಿಬಿರ. ಮೈಸೂರಿನ ಡಾಕ್ಟರುಗಳು ಬಂದು ಅಲ್ಲಾಡುವ ಹಲ್ಲೆಲ್ಲ ಕಿತ್ತು, ಅಳತೆ ತೆಗೆದು, ಮುದುಕರಿಗೆ ಪುಕ್ಕಟೆಯಾಗಿ ಹೊಸ ಸೆಟ್ಟು ಕಟ್ಟಿಸಿಕೊಡುತ್ತಾರೆ. ವರ್ಷಕ್ಕೆ ಒಂದೇ ಸಲ. ದೊಡ್ಡಮಾದಪ್ಪನ ಹೆಂಡತಿ ಚಿಕ್ಕನಿಂಗಮ್ಮ ಅವನ ಹೆಸರು ಬರೆಸಿಯಾಗಿತ್ತು.

ಇತ್ತ ಹನೂರಿನಿಂದ ಹಳೇ ಜೊತೆಗಾರ, ಕ್ಲಾರಿನೆಟ್ಟಿನ ನಿಂಗರಾಜು ಹೇಳಿಕಳಿಸಿದ್ದ: ‘ವೈಶಾಖದಲ್ಲಿ ಲೊಕ್ಕನಹಳ್ಳಿಲಿ ಮದ್ವೆ. ಬ್ಯಾಂಡ್‌ಸೆಟ್ಟೇ ಬೇಕಂತೆ. ಎಲ್ರುನೂ ಸೇರುಸ್ತಾ ಇವ್ನಿ. ಬತ್ತಿಯಾ?’

ಸಿನಿಮಾದವನಂತೆ ಸೆಟ್ಟು ತೆಗೆದಿಟ್ಟು, ಹಲ್ಲಿಲ್ಲದೆ ಊದಲು ಆಗುತ್ತದೆಯೆ? ಆಗುವುದಾದರೆ ಕೀಳಿಸಿಬಿಡಬಹುದು. ಆಗದಿದ್ದರೆ ಅಲ್ಲಾಡುವ ಈ ನಾಲ್ಕನ್ನೇ ಕಾಪಾಡಿಕೊಳ್ಳಬೇಕು. ಕಿತ್ತದ್ದನ್ನು ಮತ್ತೆ ನೆಡಲಾಗುವುದಿಲ್ಲ. ಉತ್ತರ ಗೊತ್ತಿದ್ದದ್ದು ಆ ಸಿನಿಮಾದ ಮುದುಕನಿಗೆ ಮಾತ್ರ.

೫
(ನಾಲ್ಕರಲ್ಲಿ ಸ್ಕಾದ ಇತಿಹಾಸವಿತ್ತು. ದೊಡ್ಡಮಾದಪ್ಪನೇ ‘ಬ್ಯಾಡ ಬುಡಿ ಸಾ’ ಅಂದ.)

ಶನಿವಾರ ಊರಿನ ನಲ್ಲಿಯ ಹತ್ತಿರ, ಸಿನಿಮಾಕ್ಕೆ ಬಂದಿದ್ದ ಪುಷ್ಪ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ‘ತಾತ ಊದಿದ್ದು ಎಷ್ಟು ಚೆನ್ನಾಗಿತ್ತು ಅಂತ ಚೀಟಿಲಿ ಬರ್ದೆ.’ ದೊಡ್ಡಮಾದಪ್ಪ ಮುಂದಿನ ಬಸ್ಸಿಗೇ ಯಳಂದೂರಿನ ಸಂಘಕ್ಕೆ ಹೋದ. ಅವನು ಶುಕ್ರವಾರ ಅಭಿಪ್ರಾಯದ ಚೀಟಿ ಬರೆಸದೆ ಎದ್ದುಬಂದಿದ್ದ.

‘ಆ ಚೀಟಿಗೊಳ ವಸಿ ಓದವ್ವ, ಯಶೋದ.’

ಯಶೋದ ಓದಿದಳು. ಪುಷ್ಪ: ಕೊನೆಯಲ್ಲಿ ಅಜ್ಜ ಊದಿದಾಗ ಕಣ್ಣಲ್ಲಿ ನೀರು ಬಂತು. ರಿಟೈರಾದ ಹೆಡ್‌ಮಾಸ್ಟರ್ ಶಿವನಂಜಯ್ಯ: ಮುಕ್ತಾಯದ ದೃಶ್ಯ ಯುವಜನರಿಗೆ ದಾರಿದೀಪ, ಆದರೆ ಸಭೆ ಮೂವತ್ತೈದು ನಿಮಿಷ ತಡವಾಗಿ ಆರಂಭವಾಯಿತು. ಮಹಾಲಕ್ಷ್ಮಮ್ಮ: ಊದಲಾಗದೆ ಅಜ್ಜ ಅತ್ತದ್ದು ಮನ ಕಲಕಿತು. ಶಿವರತ್ನಮ್ಮ: ಎಲ್ಲಾ ಚೆನ್ನಾಗಿತ್ತು, ಆ ಅಜ್ಜನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆ? ಹೀಗೆ ಇಪ್ಪತ್ತಮೂರು ಚೀಟಿ. ಹನ್ನೊಂದರಲ್ಲಿ ಊದಿದ್ದ, ಐದರಲ್ಲಿ ಸೋತಿದ್ದ, ಒಂದರಲ್ಲಿ ಸತ್ತೇ ಹೋಗಿದ್ದ.

‘ಅಲ್ಲ ಕಣವ್ವ, ನಾನೂ ಅಲ್ಲೇ ಕುಂತಿದ್ನಲ್ಲ! ಇವ್ರೆಲ್ಲ ಎಲ್ಲಿ ನೋಡುದ್ರು?’

ಯಶೋದ ಚೀಟಿಗಳನ್ನು ಜೋಡಿಸುತ್ತ ತಲೆ ತಗ್ಗಿಸಿದಳು. ‘ನಾನೂ ಅಂಗೇ ಬರ್ದೆ ದೊಡ್ಡಪ್ಪ. ಪಾಪ, ಅಷ್ಟು ದೂರದಿಂದ ಕಳ್ಸವ್ಳೆ. ಕೊನೆ ನೋಡ್ನಿಲ್ಲ ಅಂದ್ರೆ ಬೇಜಾರು ಮಾಡ್ಕತಾಳೆ ಅಂತ.’

ಇದರಲ್ಲಿ ಅಚ್ಚರಿಯೇನೂ ಇಲ್ಲ. ಕರೆದವರ ಮನೆಯಲ್ಲಿ ಸಾರು ಮುಗಿದು ಬರೀ ಅನ್ನ ತಿಂದರೂ ‘ಹೊಟ್ಟೆ ತುಂಬ್ತು’ ಎಂದು ಎದ್ದುಬರುವ ಜನ ನಾವು. ಆದರೆ ನಾಳೆ ಇಕ್ಕಳಕ್ಕೆ ಬಾಯಿ ಕೊಡಬೇಕಾದವನಿಗೆ ಆ ಮರ್ಯಾದೆಯಿಂದ ಏನು ಉಪಯೋಗ? ಅವನನ್ನು ನೋಡಿ ನನಗೂ ಸಂಕಟವಾಯಿತು.

೬
ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನನ್ನೇ ಹಿಡಿದುಕೊಂಡ.

‘ನೀವೇ ತಾನೆ ಸಾ ಬರೀತಿರೋದು? ಯೋಳ್ಬುಡಿ. ಊದುದ್ನಾ ಇಲ್ವಾ?’

ಎರಡು ಕ್ಲೈಮ್ಯಾಕ್ಸ್ ಇವೆ, ಆರಿಸಿಕೋ ಎಂದೆ. ಒಂದು: ಹಲ್ಲು ಕೀಳಿಸುತ್ತೀಯ, ವಸಡು ಗಟ್ಟಿಯಾಗುತ್ತದೆ, ಲೊಕ್ಕನಹಳ್ಳಿಯ ಚಪ್ಪರದಲ್ಲಿ ಊದುತ್ತೀಯ. ಎರಡು: ಕೀಳಿಸುತ್ತೀಯ, ಬರೀ ಗಾಳಿ ಬರುತ್ತದೆ, ನಿಂಗರಾಜು ಬೇರೆ ಕಡೆ ನೋಡುತ್ತಾನೆ. ಎರಡನೆಯದಕ್ಕೆ ವಿಮರ್ಶಕರು ತಲೆದೂಗುತ್ತಾರೆ.

‘ನೀವೂ ಚೀಟಿ ಬರ್ದಂಗೇ ಆಯ್ತು,’ ಅಂದ. ‘ನೋಡ್ದೆ ಬರೀತಿದ್ದೀರಿ.’

ಅವನು ಬಸ್ಸು ಹತ್ತಿದ. ಅವನು ಹೇಳಿದ್ದು ನಿಜವಾಗಿತ್ತು.

೭
ಭಾನುವಾರ ಬೆಳಿಗ್ಗೆ ಶಿಬಿರದ ಸಾಲಿನಲ್ಲಿ ದೊಡ್ಡಮಾದಪ್ಪ ನಿಂತಿದ್ದ, ಕಂಕುಳಲ್ಲಿ ಪಂಚೆ ಸುತ್ತಿದ ಗಂಟು. (ಇದನ್ನು ನಾನು ಹೇಳಿಕೊಟ್ಟಿಲ್ಲ.) ಶಿಬಿರಕ್ಕೆ ಬಂದವರ ಹೆಸರು ಬರೆದುಕೊಳ್ಳುತ್ತಿದ್ದವಳು ಯಶೋದ. ಮುಂದೆ ಇಬ್ಬರು ಇರುವಾಗ ಅವನು ಪಕ್ಕಕ್ಕೆ ಸರಿದು ಗಂಟು ಬಿಚ್ಚಿದ. ಟ್ರಂಪೆಟ್ಟನ್ನು ತುಟಿಗೆ ಒತ್ತಿದ. ನೋವಿಗೆ ಕಣ್ಣು ಮುಚ್ಚಿಕೊಂಡವು. ಊದಿದ.

ಒಂದು ಸ್ವರ ಎದ್ದಿತು, ಬಿರುಕು ಬಿಟ್ಟಿತು, ನಿಂತಿತು. ತುಟಿಯಲ್ಲಿ ರಕ್ತ.

‘ಭೇಷ್! ಬಲು ಚೆನ್ನಾಗಿತ್ತು!’ ಎಂದ ಶಿವನಂಜಯ್ಯ, ಹಲ್ಲುನೋವಿಗೆ ಊದಿದ್ದ ಕೆನ್ನೆ ಹಿಡಿದುಕೊಂಡು. ಸಾಲಿನವರೆಲ್ಲ ಹೌದು ಹೌದು ಅಂದರು.

ದೊಡ್ಡಮಾದಪ್ಪ ಯಾರ ಕಡೆಗೂ ನೋಡದೆ, ಜೊತೆಗೆ ಬಂದಿದ್ದ ಹೆಂಡತಿಯ ಕಡೆ ತಿರುಗಿದ. ಚಿಕ್ಕನಿಂಗಮ್ಮ ಸೆರಗಿನಿಂದ ಅವನ ತುಟಿ ಒರೆಸಿದಳು.

‘ಅರ್ಧ ಬಂತು,’ ಅಂದಳು. ‘ಅರ್ಧ ಬರ್ನಿಲ್ಲ.’

ಅವನ ಮುಖ ಅರಳಿತು. ಎರಡು ದಿನದಲ್ಲಿ ಅವನಿಗೆ ಸಿಕ್ಕ ಮೊದಲ ಅಭಿಪ್ರಾಯ ಅದು.

ಒಳಗಿನಿಂದ ಅವನ ಹೆಸರು ಕೂಗಿದರು. ಈಗ ಅವನು ಒಳಗೆ ಹೋಗುತ್ತಾನೋ, ಗಂಟು ಕಟ್ಟಿಕೊಂಡು ಹನೂರಿನ ಬಸ್ಸು ಹತ್ತುತ್ತಾನೋ? ಹೇಳುವುದಿಲ್ಲ. ನೋಡದ್ದನ್ನು ಬರೆಯುವುದಿಲ್ಲವೆಂದು ಬಸ್‌ಸ್ಟ್ಯಾಂಡಿನಲ್ಲೇ ತೀರ್ಮಾನಿಸಿದ್ದೇನೆ. ನೋಡಿದ್ದು ಇಷ್ಟು: ಎರಡನೇ ಸಲ ಹೆಸರು ಕೂಗುವ ಹೊತ್ತಿಗೆ ಅವನು ಬಾಗಿಲ ಬಳಿ ಯಶೋದಳ ಮೇಜಿನ ಮುಂದೆ ನಿಂತಿದ್ದ, ‘ನಂದೂ ಒಂದು ಬರ್ಕವ್ವ’ ಅಂದ. ಇಪ್ಪತ್ತನಾಲ್ಕನೆಯ ಚೀಟಿ. ಅವನು ಹೇಳಿದಂತೆಯೇ ಅವಳು ಬರೆದುಕೊಂಡಳು:

‘ಸಿನ್ಮಾ ಮುಗೀನಿಲ್ಲ ಕಣವ್ವ. ಕರೆಂಟು ಓಯ್ತು. ಆ ತಾತ ಇನ್ನೂವೆ ಎತ್ಕಂಡೇ ಕುಂತವ್ನೆ. ಕೈ ನೋಯ್ತದೆ. ಊದು ಅಂತ ಯೋಳು.’